ಪಿ.ಬಿ.ಎಸ್. ಅವರೋ, ಎಸ್‌ಪಿಬಿಯೋ, ಅಣ್ಣಾವ್ರೋ: ಕಂಠವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನನಗೆ 55 ವರ್ಷ, ಮೈಸೂರಿನ ಹತ್ತಿರದವನು. ನಮ್ಮ ಮನೆಯಲ್ಲಿ ಹಾಡಿನ ಹುಚ್ಚು ಎಲ್ಲರಿಗೂ ಇದೆ, ಒಮ್ಮತ ಮಾತ್ರ ಇಲ್ಲ. 82 ವರ್ಷದ ನನ್ನ ತಂದೆಗೆ ಪಿ.ಬಿ. ಶ್ರೀನಿವಾಸ್ ಬಿಟ್ಟರೆ ಬೇರೆ ಗಾಯಕರೇ ಇಲ್ಲ. ನನಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ನನ್ನ ತಮ್ಮನ ಎದುರು ಡಾ. ರಾಜ್‌ಕುಮಾರ್ ಕಂಠದ ಬಗ್ಗೆ ಒಂದು ಮಾತು ಕಡಿಮೆ ಆಡುವಂತಿಲ್ಲ. 15 ವರ್ಷದ ಮಗಳು, ‘ನಾಲ್ಕು ಆಕ್ಟೇವ್ ಹಾಡುವ ಫ್ರೆಡ್ಡಿ ಮರ್ಕ್ಯುರಿ ಮುಂದೆ ಇವರೆಲ್ಲ ಎಲ್ಲಿ?’ ಎನ್ನುತ್ತಾಳೆ. ಗಣೇಶೋತ್ಸವಕ್ಕೆ ನಮ್ಮ ಬಡಾವಣೆಯವರು ‘ಶ್ರೇಷ್ಠ ಕಂಠ ಯಾರದು?’ ಎಂಬ ಚರ್ಚೆ ಇಟ್ಟು, ಕೊನೆಗೆ ಕೈ ಎತ್ತಿಸಿ ತೀರ್ಮಾನಿಸುವವರಿದ್ದಾರೆ. ನಡೆಸಿಕೊಡಬೇಕಾದವನು ನಾನೇ. ಇದಕ್ಕೆ ವೈಜ್ಞಾನಿಕ ಅಳತೆಗೋಲು ಏನಾದರೂ ಇದೆಯೇ? ಇನ್ನೊಂದು ವಿಷಯ. ಅದೇ ವೇದಿಕೆಯಲ್ಲಿ ‘ಯಾರೇ ಕೂಗಾಡಲಿ’ ಹಾಡಬೇಕೆಂದು ಮಗಳು ಮೂಲ ಶ್ರುತಿಯ ಕರೋಕೆ ಹಾಕಿಕೊಂಡು ದಿನಕ್ಕೆ ಒಂದೂವರೆ ಗಂಟೆ ಅಭ್ಯಾಸ ಮಾಡುತ್ತಿದ್ದಾಳೆ. ಸುಮಾರು ಒಂದು ತಿಂಗಳಿಂದ ದನಿ ಒಡೆದಿದೆ. ಬೆಳಿಗ್ಗೆ ಪರವಾಗಿಲ್ಲ, ಸಂಜೆಗೆ ಗೊಗ್ಗರಾಗುತ್ತದೆ. ಜೇನುತುಪ್ಪ, ಕಾಳುಮೆಣಸು ಕೊಡುತ್ತಿದ್ದೇವೆ. ಹೆದರುವ ಅಗತ್ಯವಿದೆಯೇ?

ಉತ್ತರ: ನೀವು ಕೊನೆಯಲ್ಲಿ ‘ಇನ್ನೊಂದು ವಿಷಯ’ ಎಂದು ಸೇರಿಸಿದ್ದನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಎರಡು ಮೂರು ವಾರ ದಾಟಿದರೂ ಒಡೆದ ದನಿ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಲೇಬೇಕು. ನಿಮ್ಮ ಮಗಳದು ಒಂದು ತಿಂಗಳಾಗಿದೆ, ಆದ್ದರಿಂದ ಈ ವಾರವೇ ಹೋಗಿ. ಹೆದರುವ ಅಗತ್ಯ ಬಹುಮಟ್ಟಿಗೆ ಇಲ್ಲ. ಆದರೆ ಧ್ವನಿಪೆಟ್ಟಿಗೆಯ ಒಳಗನ್ನು ಕಣ್ಣಿನಿಂದ ನೋಡದೆ ಹೊರಗಿನಿಂದ ಕೇಳಿ ಊಹಿಸುವುದು ಸರಿಯಲ್ಲ. ಅದರ ವಿವರಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ನಿಮ್ಮ ಮನೆಯ ಜಗಳಕ್ಕೂ ಅವಳ ಗಂಟಲಿಗೂ ನೀವು ಅಂದುಕೊಂಡಿರುವುದಕ್ಕಿಂತ ಹತ್ತಿರದ ನಂಟಿದೆ.

ನಾನು ವಾಕ್ ಚಿಕಿತ್ಸಕಿ. ಗಾಯಕರು, ಮೇಷ್ಟರು, ಯಕ್ಷಗಾನ ಭಾಗವತರು, ಸಂತೆಯಲ್ಲಿ ಕೂಗಿ ಮಾರುವವರು, ಎಲ್ಲರ ಗಂಟಲನ್ನೂ ನೋಡಿದ್ದೇನೆ. ಹಾಗೆ ನೋಡಿದ್ದರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ಧ್ವನಿತಂತುಗಳನ್ನು ನೋಡಿ ಇವರು ದೊಡ್ಡ ಗಾಯಕರು ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ವಯಸ್ಕ ಗಂಡಸಿನಲ್ಲಿ ಅವುಗಳ ಉದ್ದ ಹೆಚ್ಚುಕಡಿಮೆ 17ರಿಂದ 21 ಮಿಲಿಮೀಟರ್, ಹೆಂಗಸಿನಲ್ಲಿ 11ರಿಂದ 15. ಪರದೆಯ ಮೇಲೆ ದೊಡ್ಡ ವಿದ್ವಾಂಸರದೂ ಅದೇ ಎರಡು ಬಿಳಿ ಪಟ್ಟಿ, ಎದುರುಮನೆಯವರದೂ ಅದೇ.

ನಿಮ್ಮ ಮಗಳ ನಾಲ್ಕು ಆಕ್ಟೇವ್‌ಗೆ ಬರೋಣ. ಒಂದು ಆಕ್ಟೇವ್ ಎಂದರೆ ಒಂದು ಸ್ಥಾಯಿ, ‘ಸ’ದಿಂದ ಮೇಲಿನ ‘ಸ’ವರೆಗೆ. ಸ್ಥಾಯಿಗಳ ಲೆಕ್ಕ ಹಾಕಿ ಗಾಯಕರನ್ನು ಸಾಲಾಗಿ ನಿಲ್ಲಿಸುವ ವಿಡಿಯೊಗಳನ್ನು ನನ್ನ ಬಳಿ ಬರುವ ಹುಡುಗ ಹುಡುಗಿಯರೆಲ್ಲ ನೋಡಿರುತ್ತಾರೆ. ಇಂಗ್ಲೆಂಡಿನ ಕ್ವೀನ್ ಎಂಬ ರಾಕ್ ತಂಡದ ಮರ್ಕ್ಯುರಿ ಅಸಾಧಾರಣ ಗಾಯಕ, ಅದರಲ್ಲಿ ನನಗೆ ತಕರಾರಿಲ್ಲ. (ಹುಟ್ಟಿದ್ದು ಜಾಂಜಿಬಾರ್‌ನಲ್ಲಿ, ಫಾರೂಖ್ ಬುಲ್ಸಾರಾ ಎಂಬ ಹೆಸರಿನಲ್ಲಿ, ಶಾಲೆ ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ.) 2016ರಲ್ಲಿ ಯುರೋಪಿನ ಧ್ವನಿವಿಜ್ಞಾನಿಗಳ ತಂಡವೊಂದು ಆತನ ಧ್ವನಿಮುದ್ರಣಗಳನ್ನು ಅಳೆದು ನೋಡಿತು. ಖಚಿತವಾಗಿ ಸಿಕ್ಕಿದ್ದು ಮೂರು ಸ್ಥಾಯಿಗಿಂತ ಒಂದು ಅರ್ಧಸ್ವರ (ಸ್ಥಾಯಿಯ ಹನ್ನೆರಡು ಮೆಟ್ಟಿಲಲ್ಲಿ ಒಂದು) ಹೆಚ್ಚು, ಅಷ್ಟೇ. ನಾಲ್ಕು ಸ್ಥಾಯಿ ಎಂಬ ಮಾತನ್ನು ನಿಜವೆನ್ನಲೂ ಆಗಲಿಲ್ಲ, ಸುಳ್ಳೆನ್ನಲೂ ಆಗಲಿಲ್ಲ. ಮಾತನಾಡುವಾಗ ಆತನ ದನಿ ಸೆಕೆಂಡಿಗೆ ಸುಮಾರು 117 ಕಂಪನಗಳಲ್ಲಿ ನಿಂತಿತ್ತು, ಎಂದರೆ ಎತ್ತರದ ದನಿಯವನೇ ಅಲ್ಲ, ಮಧ್ಯಮ ದನಿಯ ಗಂಡಸು. ಸ್ವರ ಹಿಡಿದು ನಿಂತಾಗ ಬರುವ ಅಲುಗಾಟ ಸೆಕೆಂಡಿಗೆ ಏಳರಷ್ಟು ವೇಗದ್ದು, ಶಾಸ್ತ್ರೀಯ ಗಾಯಕರಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ತುಸು ಹೆಚ್ಚು. ನನ್ನ ಕಿವಿಗೆ ಆತನ ಗುರುತು ಸಿಗುವುದು ಆ ಅಲುಗಾಟದಲ್ಲಿ, ಬೇಕೆಂದೇ ದನಿಯನ್ನು ಒರಟು ಮಾಡಿಕೊಳ್ಳುವ ಧೈರ್ಯದಲ್ಲಿ. ಎಷ್ಟು ಮೆಟ್ಟಿಲು ಹತ್ತಿದ ಎಂಬುದರಲ್ಲಿ ಅಲ್ಲ. ಇಷ್ಟಕ್ಕೂ ಚಿತ್ರಗೀತೆಗಳಲ್ಲಿ ಹೆಚ್ಚಿನವು ಒಂದೂವರೆ ಸ್ಥಾಯಿಯೊಳಗೇ ಮುಗಿದುಹೋಗುತ್ತವೆ. ಉಳಿದ ಎರಡೂವರೆಯನ್ನು ಇಟ್ಟುಕೊಂಡು ಮಾಡುವುದೇನು?

ಇನ್ನೊಂದು ಅಳತೆಗೋಲು ಹಾಡುಗಳ ಸಂಖ್ಯೆ. ಚರ್ಚೆಯ ದಿನ ಇದನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ, ಬಹುಶಃ ನಿಮ್ಮ ಪಕ್ಷದವರೇ. ಎಸ್‌ಪಿಬಿ ನಲವತ್ತು ಸಾವಿರ ಹಾಡು ಹಾಡಿದರು ಎಂದು ಎಲ್ಲೆಡೆ ಬರೆಯುತ್ತಾರೆ. ಅವರು ಹಾಡತೊಡಗಿದ್ದು 1966ರಲ್ಲಿ, ತೀರಿಕೊಂಡದ್ದು 2020ರ ಸೆಪ್ಟೆಂಬರ್ 25ರಂದು. 54 ವರ್ಷ, ಸುಮಾರು 19,700 ದಿನ. ಒಂದು ದಿನವೂ ರಜೆ ಹಾಕದೆ, ನೆಗಡಿ ಬಾರದೆ, ದಿನಕ್ಕೆ ಎರಡು ಹಾಡಿನಂತೆ ಹಾಡಿದ್ದರೆ ಲೆಕ್ಕ ಸರಿಹೋಗುತ್ತದೆ. ಒಂದೇ ದಿನದಲ್ಲಿ ಉಪೇಂದ್ರ ಕುಮಾರ್ ಅವರಿಗೆ 21 ಹಾಡು ಹಾಡಿಕೊಟ್ಟರೆಂದು ಪ್ರಸಿದ್ಧವಾದ ಮನುಷ್ಯನ ವಿಷಯದಲ್ಲಿ ಯಾವುದನ್ನೂ ಅಸಾಧ್ಯ ಎನ್ನಲಾರೆ, ಆದರೆ ನಲವತ್ತು ಸಾವಿರದ ಪಟ್ಟಿಯನ್ನು ಕೈಗಿಟ್ಟವರನ್ನು ನಾನಿನ್ನೂ ಕಂಡಿಲ್ಲ. ಲತಾ ಮಂಗೇಶ್ಕರ್ ವಿಷಯದಲ್ಲಿಯೂ ಹೀಗೇ ಆಯಿತು. 25,000 ಹಾಡು ಎಂದು ಗಿನ್ನೆಸ್ ಪುಸ್ತಕ 1974ರಲ್ಲಿ ಅಚ್ಚು ಹಾಕಿತು, ಮೊಹಮ್ಮದ್ ರಫಿ ಒಪ್ಪದೆ ಪತ್ರ ಬರೆದರು, ಕೊನೆಗೆ 1991ರಲ್ಲಿ ಆ ದಾಖಲೆಯನ್ನೇ ತೆಗೆದುಹಾಕಿದರು. ಎಣಿಸಿ ಕೊಟ್ಟ ಸಂಖ್ಯೆ ಬೇಕೆಂದರೆ 2016ರಲ್ಲಿ ಪಿ. ಸುಶೀಲಾ ಅವರ ಹೆಸರಿನಲ್ಲಿ ಅದೇ ಗಿನ್ನೆಸ್ ದಾಖಲಿಸಿದ್ದು 17,695. ಈ ಸಂಖ್ಯೆಗಳು ದುಡಿಮೆಯನ್ನು ತೋರಿಸುತ್ತವೆ, ನಿರ್ಮಾಪಕರು ಇಟ್ಟ ನಂಬಿಕೆಯನ್ನು ತೋರಿಸುತ್ತವೆ. ಕಂಠದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ಇನ್ನು ನಿಮ್ಮ ಮೂವರು. ಜಗಳ ಬಗೆಹರಿಯದಿರುವುದಕ್ಕೆ ಮೊದಲ ಕಾರಣ ನಿಮ್ಮ ಪತ್ರದಲ್ಲೇ ಇದೆ, ನೀವು ಬರೆದಿರುವ ವಯಸ್ಸುಗಳಲ್ಲಿ. ನಿಮ್ಮ ತಂದೆಯವರಿಗೆ ಮೀಸೆ ಚಿಗುರಿದ್ದು ಅರವತ್ತರ ದಶಕದ ಆಸುಪಾಸಿನಲ್ಲಿ. ಆಗ ರಾಜ್‌ಕುಮಾರ್ ತೆರೆಯ ಮೇಲೆ ಬಾಯಿ ತೆರೆದರೆ ಕೇಳುತ್ತಿದ್ದದ್ದು ಪಿ.ಬಿ.ಎಸ್. ದನಿ. ನಿಮ್ಮ ಹದಿನೈದು ಎಂಬತ್ತರ ದಶಕದಲ್ಲಿ ಬಂತು, ಆಗ ಎಸ್‌ಪಿಬಿ ಕಾಲ. ಹದಿಹರೆಯದಲ್ಲಿ ಕಿವಿಗೆ ಬಿದ್ದ ಹಾಡು ಮಿಕ್ಕೆಲ್ಲಕ್ಕಿಂತ ಆಳವಾಗಿ ಊರಿಕೊಳ್ಳುತ್ತದೆ. ಕೈ ಎತ್ತಿಸಿದರೆ ನಿಮಗೆ ಸಿಗುವುದು ಶ್ರೇಷ್ಠ ಕಂಠದ ಹೆಸರಲ್ಲ, ಬಡಾವಣೆಯ ಜನಗಣತಿ.

ಎರಡನೆಯ ಕಾರಣ, ಶಾರೀರ ಬೇರೆ ಗಾಯಕ ಬೇರೆ ಎಂಬುದನ್ನು ನಾವು ಮರೆಯುವುದು. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ 2023ರ ಮೊದಲ ದಿನ 200 ಶ್ರೇಷ್ಠ ಗಾಯಕರ ಪಟ್ಟಿ ಹೊರಡಿಸಿತು. ಮೊದಲ ಸ್ಥಾನ ಅರೀಥಾ ಫ್ರಾಂಕ್ಲಿನ್‌ಗೆ, ಲತಾ 84ನೆಯವರು, ನುಸ್ರತ್ ಫತೇ ಅಲಿ ಖಾನ್ 91. ಸೆಲೀನ್ ಡಿಯಾನ್ ಹೆಸರೇ ಇಲ್ಲವೆಂದು ಅಭಿಮಾನಿಗಳು ಪತ್ರಿಕೆಯ ಕಚೇರಿಯ ಮುಂದೆ ಹೋಗಿ ಪ್ರತಿಭಟಿಸಿದರು. ಇದು ಗಾಯಕರ ಪಟ್ಟಿ, ಕಂಠಗಳ ಪಟ್ಟಿಯಲ್ಲ ಎಂದು ಪತ್ರಿಕೆ ಮೊದಲೇ ಬರೆದಿತ್ತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ಪತ್ರಿಕೆಯ 2008ರ ಪಟ್ಟಿಯಲ್ಲಿ ಬಾಬ್ ಡಿಲನ್ ಏಳನೆಯ ಸ್ಥಾನದಲ್ಲಿದ್ದ. ನುಣುಪು, ಇಂಪು ಎಂದು ಅಳೆಯಹೊರಟರೆ ಡಿಲನ್ ಏಳು ಸಾವಿರದೊಳಗೂ ಬರಲಾರ. ಅಷ್ಟು ದೂರ ಏಕೆ, ನಮ್ಮ ಸಿ. ಅಶ್ವತ್ಥ್ ಅವರನ್ನೇ ತೆಗೆದುಕೊಳ್ಳಿ. ಮೇಲಿನ ಸ್ವರಗಳಲ್ಲಿ ಆ ದನಿ ಬಿರಿಯುತ್ತದೆ, ಒರಟಾಗುತ್ತದೆ. ಸಂಗೀತ ಪರೀಕ್ಷೆಯಲ್ಲಾದರೆ ಅಂಕ ಕಳೆಯುತ್ತಿದ್ದರೇನೋ. ಆದರೆ ‘ಕಾಣದ ಕಡಲಿಗೆ’ ಹಾಡುವಾಗ ಆ ಬಿರುಕಿನಲ್ಲೇ ಹಂಬಲ ಕೂತಿದೆ.

ಹಾಗಿದ್ದರೆ ನಿಮ್ಮ ಮೂವರು ಮಾಡಿದ್ದೇನು ಎಂದು ನನ್ನ ಕಿವಿಯಿಂದ ಹೇಳುತ್ತೇನೆ. ಪಿ.ಬಿ. ಶ್ರೀನಿವಾಸ್ ಮೈಕ್ರೋಫೋನ್ ಕಾಲದ ಮಗು. 1925ರಲ್ಲಿ ವಿದ್ಯುತ್ ಮೈಕಿನಿಂದ ಧ್ವನಿಮುದ್ರಣ ಶುರುವಾಗುವ ತನಕ ಹಾಡಬೇಕೆಂದರೆ ಗಟ್ಟಿಯಾಗಿ ಹಾಡಬೇಕಿತ್ತು. ಮೈಕು ಬಂದ ಮೇಲೆ ಪಿಸುಮಾತಿನಂತೆ ಹಾಡಿದರೂ ಸಾವಿರ ಜನಕ್ಕೆ ತಲುಪಿಸಬಹುದೆಂದಾಯಿತು. ಆ ಅನುಕೂಲವನ್ನು ಕನ್ನಡದಲ್ಲಿ ಅವರಷ್ಟು ಚೆನ್ನಾಗಿ ಬಳಸಿಕೊಂಡವರು ಕಡಿಮೆ. ಮಂದ್ರಕ್ಕೆ ಇಳಿದಾಗಲೂ ದನಿ ಸೊರಗುವುದಿಲ್ಲ, ತುಂಬಿಕೊಂಡೇ ಇರುತ್ತದೆ. ಯಾರೋ ಪಕ್ಕದಲ್ಲಿ ಕೂತು ಹೇಳಿದಂತೆ ಕೇಳುತ್ತದೆ. ನಿಮ್ಮ ತಂದೆಯವರು ಅದಕ್ಕೇ ಸೋತಿರುವುದು.

ರಾಜ್‌ಕುಮಾರ್ ಇದಕ್ಕೆ ತಿರುಗುಮುರುಗು. ಗುಬ್ಬಿ ವೀರಣ್ಣನವರ ಕಂಪನಿಯ ರಂಗದ ಮೇಲೆ ಬೆಳೆದ ದನಿ ಅದು, ಕೊನೆಯ ಸಾಲಿನ ನೆಲದ ಟಿಕೆಟ್‌ನವನಿಗೂ ಮುಟ್ಟಬೇಕಾದ ದನಿ. ಇಂಥ ದನಿಗಳು ಬರೀ ಗಂಟಲಿನ ಬಲದಿಂದ ಗಟ್ಟಿಯಾಗುವುದಿಲ್ಲ. ಬಾಯಿ, ಗಂಟಲಿನ ಮೇಲ್ಭಾಗಗಳನ್ನು ಸರಿಯಾಗಿ ಹದಮಾಡಿಕೊಂಡರೆ ದನಿಯ ಕಸುವು ಸೆಕೆಂಡಿಗೆ 3,000 ಕಂಪನ, ಎಂದರೆ 3,000 ಹರ್ಟ್ಸ್‌ನ ಸುತ್ತಮುತ್ತ ಕೂಡಿಕೊಳ್ಳುತ್ತದೆ. ನಮ್ಮ ಕಿವಿ ಅತ್ಯಂತ ಚುರುಕಾಗಿರುವುದು ಅಲ್ಲಿಯೇ, ವಾದ್ಯಗಳ ಅಬ್ಬರ ಕಡಿಮೆಯಿರುವುದೂ ಅಲ್ಲಿಯೇ. ಪಾಶ್ಚಾತ್ಯ ಆಪರಾ ಗಾಯಕರು ಮೈಕಿಲ್ಲದೆ ದೊಡ್ಡ ವಾದ್ಯವೃಂದವನ್ನು ಮೀರಿ ಕೇಳಿಸುವ ಗುಟ್ಟು ಇದೇ, ನಮ್ಮ ಕಂಪನಿ ನಾಟಕದ ನಟರು ಹೆಸರು ಗೊತ್ತಿಲ್ಲದೆ ಕಂಡುಕೊಂಡದ್ದೂ ಇದನ್ನೇ ಎಂದು ನನ್ನ ನಂಬಿಕೆ. ರಾಜ್‌ಕುಮಾರ್ 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಇದೇ ‘ಯಾರೇ ಕೂಗಾಡಲಿ’ ಹಾಡಿ ಹಿನ್ನೆಲೆ ಗಾಯಕರಾಗಿ ನೆಲೆಯೂರಿದ್ದು ನಿಮಗೆ ಗೊತ್ತೇ ಇದೆ. ‘ಜೀವನ ಚೈತ್ರ’ದ ತೋಡಿ ರಾಗದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದದ್ದು 1992ರ ಸಾಲಿನಲ್ಲಿ, ಅರವತ್ತು ದಾಟಿದ ಮೇಲೆ. ಆ ವಯಸ್ಸಿನಲ್ಲಿ ಧ್ವನಿತಂತುಗಳು ಬಿಗಿ ಕಳೆದುಕೊಳ್ಳತೊಡಗುತ್ತವೆ. ವೃತ್ತಿಯವಳಾಗಿ ನನಗೆ ಪ್ರಶಸ್ತಿಗಿಂತ ಅದೇ ಆಶ್ಚರ್ಯ.

ಎಸ್‌ಪಿಬಿ ಬಗ್ಗೆ ಒಂದೇ ಮಾತು: ಅವರು ಹಾಡುತ್ತಿದ್ದದ್ದು ಪಾತ್ರದ ದನಿಯಲ್ಲಿ. ನಗು, ಬಿಕ್ಕು, ಕೆಮ್ಮು, ಕೊಂಕು ಎಲ್ಲವನ್ನೂ ಶ್ರುತಿ ತಪ್ಪದೆ ಹಾಡಿನೊಳಗೆ ತರಬಲ್ಲವರಾಗಿದ್ದರು. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿತವರಲ್ಲ, ಆದರೂ ಅವರ ಮೊದಲ ರಾಷ್ಟ್ರಪ್ರಶಸ್ತಿ ಬಂದದ್ದು ಶಾಸ್ತ್ರೀಯ ಸಂಗೀತವೇ ಜೀವಾಳವಾದ ‘ಶಂಕರಾಭರಣಂ’ ಚಿತ್ರಕ್ಕೆ. ‘ಶಾಸ್ತ್ರ ಕಲಿಯದವನು ಗಾಯಕನೇ ಅಲ್ಲ’ ಎಂದು ಸಭೆಯಲ್ಲಿ ಯಾರಾದರೂ ಎದ್ದು ನಿಂತರೆ ಇದನ್ನು ನೆನಪಿಸಿ. ಕಲಿತರೆ ಲಾಭವಿದೆ ಎಂಬುದನ್ನೂ ಸೇರಿಸಿ, ಇಲ್ಲದಿದ್ದರೆ ಸಂಗೀತದ ಮೇಷ್ಟರು ಮುನಿಸಿಕೊಳ್ಳುತ್ತಾರೆ.

ಒಂದು ಆಕ್ಷೇಪ. ಇಷ್ಟುದ್ದದ ಪತ್ರದಲ್ಲಿ ಹಾಡುವ ಹೆಂಗಸರ ಹೆಸರು ಒಂದೂ ಇಲ್ಲ. ನನ್ನ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ, ನಾನು ಎಸ್. ಜಾನಕಿಯವರ ಕಡೆಯವಳು. 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಶಹನಾಯಿ ನುಡಿಸಿದ್ದು ಬಿಸ್ಮಿಲ್ಲಾ ಖಾನ್. ‘ಕರೆದರೂ ಕೇಳದೆ’ ಹಾಡಿನಲ್ಲಿ ಆ ವಾದ್ಯಕ್ಕೆ ಎದುರಾಗಿ ಜಾನಕಿಯವರ ದನಿ ನಿಲ್ಲುತ್ತದೆ. ಶಹನಾಯಿಗೆ ಉಸಿರು ಕಟ್ಟುವ ಭಯವಿಲ್ಲ, ವಾದಕ ಕೆನ್ನೆಯಲ್ಲಿ ಗಾಳಿ ಹಿಡಿದಿಟ್ಟು ನುಡಿಸಬಲ್ಲ. ಹಾಡುವವರಿಗೆ ಆ ಸೌಕರ್ಯವಿಲ್ಲ. ಆರೋಗ್ಯವಂತರು ‘ಆ’ ಎಂದು ಒಂದೇ ಉಸಿರಿನಲ್ಲಿ ಎಳೆಯಬಲ್ಲದ್ದು ಇಪ್ಪತ್ತು ಸೆಕೆಂಡಿನ ಆಸುಪಾಸು. ಜಾನಕಿಯವರು ಎಲ್ಲಿ ಉಸಿರು ತೆಗೆದುಕೊಂಡರು ಎಂದು ಹುಡುಕುತ್ತಾ ಆ ಹಾಡನ್ನು ಒಮ್ಮೆ ಕೇಳಿ ನೋಡಿ. ನಾನು ವಿದ್ಯಾರ್ಥಿಗಳಿಗೆ ಕೊಡುವ ಪಾಠ ಇದು, ಬಹಳ ಜನ ಸೋತಿದ್ದಾರೆ.

ಕಾಲಕಾಲದ ಧ್ವನಿಮುದ್ರಣ ಬೇರೆ ಬೇರೆ ಎಂಬುದನ್ನೂ ಸಭೆಯವರಿಗೆ ಹೇಳಿ. ಅರವತ್ತರ ದಶಕದಲ್ಲಿ ಗಾಯಕರು ವಾದ್ಯವೃಂದದ ಜೊತೆಗೇ ನಿಂತು ಹಾಡುತ್ತಿದ್ದರು, ಕೊನೆಯ ಸಾಲಿನಲ್ಲಿ ಪಿಟೀಲಿನವನು ತಪ್ಪಿದರೂ ಎಲ್ಲರೂ ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು. ಈಗ ಒಂದೊಂದೇ ಸಾಲು ಹಾಡಿ ಜೋಡಿಸುತ್ತಾರೆ. ಅಪಸ್ವರವನ್ನು ಸರಿಮಾಡುವ ತಂತ್ರಾಂಶ 1997ರಿಂದಲೇ ಇದೆ. ಇದರಿಂದ ಹೊಸಬರೆಲ್ಲ ಕಳಪೆ ಎಂದೇನೂ ಆಗುವುದಿಲ್ಲ. ಎರಡು ಮುದ್ರಣಗಳನ್ನು ಪಕ್ಕದಲ್ಲಿಟ್ಟು ಕಂಠಗಳನ್ನಷ್ಟೇ ಹೋಲಿಸುತ್ತಿದ್ದೇವೆ ಎಂದುಕೊಳ್ಳುವುದು ಮಾತ್ರ ತಪ್ಪು.

ಕಾರ್ಯಕ್ರಮ ನಡೆಸಲೇಬೇಕಲ್ಲ. ಮತ ಹಾಕಿಸಿದರೆ ಏನಾಗುತ್ತದೆಂದು ಹೇಳಿದೆ. ತೀರ್ಪುಗಾರರನ್ನು ಕೂರಿಸಿದರೆ ಆಮೇಲೆ ಅವರ ಮನೆ ಮುಂದೆ ಜಗಳ. ನನಗೆ ಹಿಡಿಸುವ ದಾರಿ, ಒಂದೇ ಚಿತ್ರದ ಎರಡು ದನಿಗಳನ್ನು ಕೇಳಿಸುವುದು. 1972ರ ‘ನಾಗರಹಾವು’ ಇದಕ್ಕೆ ಹೇಳಿಮಾಡಿಸಿದ್ದು. ಸಂಗೀತ ನಿರ್ದೇಶಕರು ಒಬ್ಬರೇ, ವಿಜಯಭಾಸ್ಕರ್. ತೆರೆಯ ಮೇಲೆ ವಿಷ್ಣುವರ್ಧನ್ ಒಬ್ಬರೇ. ಆದರೆ ‘ಬಾರೇ ಬಾರೇ’ ಎಂದು ಪ್ರೇಮದಲ್ಲಿ ಕರೆಯುವಾಗ ಪಿ.ಬಿ.ಎಸ್., ‘ಹಾವಿನ ದ್ವೇಷ’ ಎಂದು ಬುಸುಗುಡುವಾಗ ಎಸ್‌ಪಿಬಿ. ಅದಲುಬದಲು ಮಾಡಿ ಊಹಿಸಿಕೊಳ್ಳಿ ಎಂದು ಸಭೆಗೆ ಹೇಳಿ. ಮುಂದಿನ ಅರ್ಧ ಗಂಟೆ ನೀವು ಮಾತನಾಡಬೇಕಾಗಿ ಬರುವುದಿಲ್ಲ. ಇದರಲ್ಲೂ ಒಂದು ಮೋಸ ಇದೆ: ಎರಡು ಹಾಡುಗಳಲ್ಲಿ ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಧ್ವನಿವರ್ಧಕದವನಿಗೆ ಮೊದಲೇ ಹೇಳಿ ಎರಡರ ಸದ್ದನ್ನೂ ಸಮ ಮಾಡಿಸಿಕೊಳ್ಳಿ.

ಈಗ ಮಗಳ ವಿಷಯ. ಅವಳು ಆಯ್ದುಕೊಂಡಿರುವ ಹಾಡಿನಲ್ಲಿ ತಪ್ಪಿಲ್ಲ, ಶ್ರುತಿಯಲ್ಲಿ ತಪ್ಪಿದೆ. ಗಂಡಸರು ಸಾಮಾನ್ಯವಾಗಿ (ಹಾರ್ಮೋನಿಯಂನ ಬಿಳಿ ಮನೆಗಳ ಲೆಕ್ಕದಲ್ಲಿ) ಒಂದನೇ ಮನೆಯ ಆಸುಪಾಸಿನ ಶ್ರುತಿಯಲ್ಲಿ ಹಾಡಿದರೆ ಹೆಂಗಸರು ಐದನೇ ಮನೆಯ ಆಸುಪಾಸು. ಗಂಡಸಿನ ಹಾಡಿನ ಕರೋಕೆಯನ್ನು ಇದ್ದಂತೆಯೇ ಹಾಕಿಕೊಂಡರೆ ಹುಡುಗಿಗೆ ಎರಡೇ ದಾರಿ. ಅದೇ ಸ್ಥಾಯಿಯಲ್ಲಿ ಹಾಡಿದರೆ ಕೆಳಗಿನ ಸ್ವರಗಳು ಹೂತುಹೋಗುತ್ತವೆ. ಒಂದು ಸ್ಥಾಯಿ ಮೇಲೆ ಹಾಡಿದರೆ, ಗಂಡಸು 350 ಹರ್ಟ್ಸ್‌ನಲ್ಲಿ ಗಂಟಲೆತ್ತಿ ಹಾಡಿದ ಸ್ವರ ಅವಳಿಗೆ 700 ಆಗುತ್ತದೆ. ಅವಳು ಎರಡನೆಯದನ್ನೇ ಮಾಡುತ್ತಿರುವಂತಿದೆ, ಅದೂ ಕಂಪನಿ ನಾಟಕದ ಗಟ್ಟಿತನವನ್ನು ಅನುಕರಿಸುತ್ತಾ. 400 ಹರ್ಟ್ಸ್ ಎಂದರೆ ಧ್ವನಿತಂತುಗಳು ಸೆಕೆಂಡಿಗೆ 400 ಸಲ ಒಂದಕ್ಕೊಂದು ತಾಕುತ್ತವೆ. ಬಿಡುವಿಲ್ಲದೆ ಹಾಡಿದರೆ ಒಂದು ಗಂಟೆಗೆ ಹದಿನಾಲ್ಕು ಲಕ್ಷ ಸಲ. ಬಲವಂತದಿಂದ ಹಾಗೆ ತಾಕಿಸಿದರೆ ಮೊದಲು ಊತ, ಆಮೇಲೆ ಎರಡೂ ಪಟ್ಟಿಗಳ ಅಂಚಿನಲ್ಲಿ ಎದುರುಬದುರಾಗಿ ಸಣ್ಣ ಗಂಟು. ಬೆಳಿಗ್ಗೆ ವಾಸಿ, ಸಂಜೆಗೆ ಗೊಗ್ಗರು ಎಂಬ ನಿಮ್ಮ ವಿವರಣೆ ಅತಿ ಬಳಕೆಯ ಗುರುತಿನಂತೆ ಕೇಳಿಸುತ್ತದೆ. ಆದರೂ ಒಳಗೆ ಕ್ಯಾಮೆರಾ ಹಾಕಿ ನೋಡಿದ ಮೇಲಷ್ಟೇ ಖಚಿತ. ನೀವಿರುವ ಊರಿಗೆ ಹತ್ತಿರದಲ್ಲೇ, ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ದನಿಯ ತೊಂದರೆಗಳನ್ನು ಅಲ್ಲಿ ನೋಡುತ್ತಾರೆ.

ಜೇನುತುಪ್ಪ ನಿಲ್ಲಿಸಬೇಕಾಗಿಲ್ಲ, ಗಂಟಲಿಗೆ ಹಿತ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ. ಧ್ವನಿತಂತುಗಳಿರುವುದು ಶ್ವಾಸನಾಳದ ಬಾಯಿಯಲ್ಲಿ, ಜೇನಾಗಲಿ ಮೆಣಸಾಗಲಿ ಅವನ್ನು ಮುಟ್ಟುವುದಿಲ್ಲ. ದಿನವಿಡೀ ಸಾಕಷ್ಟು ನೀರು ಕುಡಿದರೆ ಮೈಯೊಳಗಿನಿಂದ ಅವುಗಳಿಗೆ ತೇವ ಸಿಗುತ್ತದೆ. ಪಿಸುಗುಟ್ಟಿದರೆ ಗಂಟಲಿಗೆ ವಿಶ್ರಾಂತಿ ಎಂಬುದೂ ನಿಜವಲ್ಲ, ಒತ್ತಿ ಪಿಸುಗುಟ್ಟುವುದು ಮಾತಿಗಿಂತ ಹೆಚ್ಚು ದಣಿಸುವುದುಂಟು. ಮೆಲ್ಲಗೆ ಮಾತನಾಡಲಿ, ಗಂಟಲು ಕೆರೆದುಕೊಳ್ಳುವುದನ್ನು ಬಿಡಲಿ, ಪರೀಕ್ಷೆ ಆಗುವವರೆಗೆ ಹಾಡು ಬೇಡ.

ಗಂಟು ಕಂಡರೂ ಈ ವಯಸ್ಸಿನಲ್ಲಿ ಮೊದಲ ಮದ್ದು ಧ್ವನಿ ಚಿಕಿತ್ಸೆ. ವಾರಕ್ಕೆ ಒಂದೆರಡು ಸಲ, ಕೆಲವು ತಿಂಗಳು. ಇದರ ತೊಂದರೆ ಎಂದರೆ ಬೇಸರ. ಅರ್ಧಕ್ಕೆ ಬಿಡುವವರೇ ಹೆಚ್ಚು. ಶಸ್ತ್ರಚಿಕಿತ್ಸೆ ಕಟ್ಟಕಡೆಯದು. ಇಂಗ್ಲೆಂಡಿನ ಗಾಯಕಿ ಅಡೆಲ್ 2011ರಲ್ಲಿ ಧ್ವನಿತಂತುವಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ವೇದಿಕೆಗೆ ಬಂದಳು. 1997ರಲ್ಲಿ ಮಾಡಿಸಿಕೊಂಡ ಜೂಲಿ ಆ್ಯಂಡ್ರೂಸ್‌ಗೆ ಹಾಡುವ ದನಿ ಮರಳಲೇ ಇಲ್ಲ. ಮೊದಲ ಭೇಟಿಯಲ್ಲೇ ಯಾರಾದರೂ ‘ಕತ್ತರಿಸಿಬಿಡೋಣ’ ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳದೆ ಒಪ್ಪಬೇಡಿ.

ವೈದ್ಯರು ಹಾಡಬಹುದು ಎಂದ ಮೇಲೆ ಕರೋಕೆಯನ್ನು ನಾಲ್ಕೈದು ಅರ್ಧಸ್ವರ ಇಳಿಸಿ, ಅದರ ಮೇಲಿನ ಸ್ಥಾಯಿಯಲ್ಲಿ ಹಾಡಲಿ. ಆ್ಯಪ್‌ಗಳಲ್ಲಿ ಅದಕ್ಕೆ ಸೌಲಭ್ಯವಿರುತ್ತದೆ, ಆದರೆ ಅಷ್ಟು ಇಳಿಸಿದಾಗ ವಾದ್ಯಗಳು ಮಂಕಾಗಿ ಕೇಳುತ್ತವೆ. ಹಾರ್ಮೋನಿಯಂ, ತಬಲಾ ನುಡಿಸುವವರು ಬಡಾವಣೆಯಲ್ಲಿದ್ದರೆ ಅದೇ ಮೇಲು. ಮೂಲ ಶ್ರುತಿಯೇ ಬೇಕೆಂದು ಹಟ ಹಿಡಿದರೆ ಮೇಲಿನ ಸ್ವರಗಳನ್ನು ಕಳ್ಳದನಿಯಲ್ಲಿ, ಎಂದರೆ ಪೂರ್ತಿ ಗಂಟಲು ಕೊಡದ ತೆಳು ದನಿಯಲ್ಲಿ, ಹಗುರಾಗಿ ಮುಟ್ಟಬಹುದು. ಗಂಟಲಿಗೆ ಪೆಟ್ಟಿಲ್ಲ, ಹಾಡಿನ ಗತ್ತು ಮಾತ್ರ ಹೋಗುತ್ತದೆ, ನಿಮ್ಮ ತಮ್ಮ ಮುಖ ಸಿಂಡರಿಸಬಹುದು. ಈ ಗಣೇಶನಿಗೆ ಆಗದಿದ್ದರೆ ಮುಂದಿನ ವರ್ಷ ಹಾಡಲಿ.

ತಜ್ಞರ ಬಳಿಗೆ ಹೋಗುವಾಗ ಅವಳು ಎರಡು ತಿಂಗಳ ಹಿಂದೆ ಹಾಡಿದ ಮೊಬೈಲ್ ಮುದ್ರಣ ಒಂದು, ಈ ವಾರದ್ದು ಒಂದು ಒಯ್ಯಿರಿ. ಮಾತು, ಹಾಡು ಎರಡೂ ಇರಲಿ, ಬೆಳಗಿನದೂ ಸಂಜೆಯದೂ.